ಹೈಪೋ ನೀರಿನ ಬೆಳ್ಳಿ

ಕೊಳಕು ನೀರನ್ನು ದುಡ್ಡು ಕೊಟ್ಟು ಕೊಳ್ಳುವವನೊಬ್ಬ ಸಾಗರದ ಪೇಟೆಗೆ ಬಂದದ್ದು 1980ರ ಜನವರಿಯಲ್ಲಿ. ಸೈಕಲ್ಲಿನ ಕ್ಯಾರಿಯರಿಗೆ ಎರಡು ಪ್ಲಾಸ್ಟಿಕ್ ಕ್ಯಾನು ಬಿಗಿದುಕೊಂಡು ಮಾವನ ಫೋಟೋ ಸ್ಟುಡಿಯೋದ ಬಾಗಿಲಲ್ಲಿ ನಿಂತ. "ಹಳೇ ಹೈಪೋ ಇದ್ಯಾ ಸಾರ್?" ಅಂದ. ಅಲ್ಲಿಯವರೆಗೆ ಮಾವ ಅದನ್ನು ಹಿತ್ತಿಲ ಬಚ್ಚಲ ಗುಂಡಿಗೆ ಚೆಲ್ಲುತ್ತಿದ್ದರು. ಅವನು ಕ್ಯಾನು ತುಂಬಿಸಿಕೊಂಡು, ಚೌಕಾಸಿ ಕೂಡ ಮಾಡದೆ ನೋಟು ಎಣಿಸಿಕೊಟ್ಟು ಹೋದ. ಮಾವನನ್ನು ಕಾಡಿದ್ದು ಆ ಚೌಕಾಸಿ ಮಾಡದ ಗುಣವೇ. "ಚೆಲ್ಲೋ ನೀರಿಗೆ ಕೇಳಿದಷ್ಟು ಕೊಡ್ತಾನೆ ಅಂದ್ರೆ, ನಾವು ಕೇಳಿದ್ದು ತೀರಾ ಕಡಿಮೆ ಆಯ್ತು ಅಂತ ಲೆಕ್ಕ. ಅದರಲ್ಲಿ ಎಂಥದಿದೆ ಮಾರಾಯ?" ಅಂತ ನನ್ನನ್ನು ಕೇಳಿದರು. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ.

ಈ ಒಲೆಯ ಮುಂದೆ ಕೂತಿರುವ ನಿಮ್ಮಲ್ಲಿ ಒಬ್ಬರೂ ಡಾರ್ಕ್ ರೂಮ್ ಕಂಡವರಲ್ಲ. ಹಾಗಾಗಿ ಇಷ್ಟನ್ನು ಹೇಳಲೇಬೇಕು. ಫಿಲ್ಮಿನ ಮೈಗೆ ಬಳಿದಿರುತ್ತಿದ್ದದ್ದು ಬೆಳ್ಳಿಯ ಉಪ್ಪು, ಸಿಲ್ವರ್ ಬ್ರೋಮೈಡು. ಬೆಳಕು ಬಿದ್ದ ಕಡೆ ಅದು ಡೆವಲಪರ್‌ನಲ್ಲಿ ಕಪ್ಪು ಬೆಳ್ಳಿಯಾಗಿ ನಿಲ್ಲುತ್ತದೆ. ಬೆಳಕು ಬೀಳದ ಕಡೆಯದು ಹಾಗೇ ಉಳಿಯುತ್ತದೆ. ಅದನ್ನು ತೆಗೆಯದಿದ್ದರೆ ಬೆಳಕಿಗೆ ತಂದ ಮೇಲೆ ಚಿತ್ರವೆಲ್ಲ ಬರಬರುತ್ತ ಕಪ್ಪಾಗುತ್ತದೆ. ತೆಗೆಯುವುದು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟು. ಮದುಮಗಳ ಬಿಳಿ ಹೂವಿನ ದಂಡೆ ನೆಗೆಟಿವ್‌ನಲ್ಲಿ ದಟ್ಟ ಬೆಳ್ಳಿಯಾಗಿ ನಿಂತರೆ, ಅವಳ ಕಪ್ಪು ಜಡೆ ಇದ್ದ ಜಾಗದ ಬೆಳ್ಳಿಯೆಲ್ಲ ಕರಗಿ ಹೈಪೋ ಟ್ರೇಗೆ ಬರುತ್ತದೆ. ಮದುವೆ ಸೀಸನ್ನಿನಲ್ಲಿ ನಮ್ಮ ಹಿತ್ತಿಲ ಗುಂಡಿ ಕುಡಿದದ್ದು ಅದನ್ನೇ.

ಅದೇ ಜನವರಿಯಲ್ಲಿ ಆ ಕ್ಯಾನಿನವನು ಬರಲು ಒಂದು ಕಾರಣವಿತ್ತು. ಅಮೆರಿಕದ ಟೆಕ್ಸಾಸಿನ ಹಂಟ್ ಸಹೋದರರು, ಎಣ್ಣೆಬಾವಿಗಳ ಕುಬೇರರು, ಪ್ರಪಂಚದ ಬೆಳ್ಳಿಯನ್ನೆಲ್ಲ ಕೊಂಡು ಗುಡ್ಡೆ ಹಾಕಲು ಹೊರಟಿದ್ದರು. 1979ರ ಆರಂಭದಲ್ಲಿ ಔನ್ಸಿಗೆ 6 ಡಾಲರಿನ ಆಸುಪಾಸಿನಲ್ಲಿದ್ದ ಬೆಳ್ಳಿ ಒಂದೇ ವರ್ಷದಲ್ಲಿ 50 ಡಾಲರಿನ ಹತ್ತಿರಕ್ಕೆ ಜಿಗಿದಿತ್ತು. ಟೆಕ್ಸಾಸಿನವರ ಹಟಕ್ಕೆ ಸಾಗರದ ಸ್ಟುಡಿಯೋ ಮುಂದೆ ಸೈಕಲ್ಲು ನಿಲ್ಲುತ್ತದೆ. ವ್ಯಾಪಾರ ಅಂದರೆ ಹಾಗೇ ತಾನೆ.

ಮಾವನಿಗೆ ನನ್ನ ಸಮೀಕರಣಗಳ ಮೇಲೆ ನಂಬಿಕೆ ಇರಲಿಲ್ಲ, ಕಣ್ಣಿಗೆ ಕಾಣಬೇಕಿತ್ತು. ಅಜ್ಜನ ಕಾಲದ ತಾಮ್ರದ ಕಾಸೊಂದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಕೆಂಪಗೆ ಹೊಳೆಯಿಸಿ ಹಳೆ ಹೈಪೋಗೆ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಕಾಸಿನ ಕೆಂಪೆಲ್ಲ ಹೋಗಿ ಬೂದು ಬಿಳುಪು ಕವಿದಿತ್ತು. ತಾಮ್ರ ತಾನು ಕರಗಿ ಬೆಳ್ಳಿಯನ್ನು ಹೊರಗೆ ದಬ್ಬುತ್ತದೆ. ಕಬ್ಬಿಣ ಆ ಕೆಲಸವನ್ನು ಇನ್ನೂ ಜೋರಾಗಿ ಮಾಡುತ್ತದೆ. ಮಾವ ಕಾಸನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಮೂಸಿ, ಕೊನೆಗೆ ಹೇಳಿದ್ದು ಇಷ್ಟೇ: "ಇನ್ನು ಆ ಕ್ಯಾನಿನವನಿಗೆ ಒಂದು ಹನಿ ಇಲ್ಲ."

ಲೇತ್ ಅಂಗಡಿಯಿಂದ ಕಬ್ಬಿಣದ ಸುರುಳಿ ಚೂರು ತಂದು ಬಕೀಟಿಗೆ ತುಂಬಿದೆವು. ಬಳಸಿದ ಹೈಪೋವನ್ನೆಲ್ಲ ಅದರ ಮೇಲೆ ಹೊಯ್ಯುವುದು, ದಿನಗಟ್ಟಲೆ ಬಿಡುವುದು, ತಾಮ್ರದ ಕಾಸು ಇಳಿಬಿಟ್ಟು ಇನ್ನೂ ಬೆಳ್ಳಿ ಉಳಿದಿದೆಯೇ ನೋಡುವುದು, ತಿಳಿ ಬಸಿದು ಮತ್ತೆ ಹೊಯ್ಯುವುದು. ಪೇಟೆಯ ನರ್ಸಿಂಗ್ ಹೋಮೊಂದರ ಎಕ್ಸ್‌ರೇ ಕೋಣೆಯ ಹೈಪೋವನ್ನೂ ಮಾವ ಗೊತ್ತು ಮಾಡಿಕೊಂಡರು. ಎಕ್ಸ್‌ರೇ ಫಿಲ್ಮಿಗೆ ಎರಡೂ ಬದಿ ಬೆಳ್ಳಿ ಬಳಿದಿರುತ್ತದೆ, ಅದರ ನೀರು ನಮ್ಮದಕ್ಕಿಂತ ಗಟ್ಟಿ. ತಿಂಗಳುಗಳ ಮೇಲೆ ಬಕೀಟಿನ ತಳದಲ್ಲಿ ಕೂತದ್ದು ಕರ್ರಗಿನ ಕೆಸರು. ಕೊಳೆತ ಮೊಟ್ಟೆಯ ವಾಸನೆ ಬೇರೆ. ಅತ್ತೆ ಬಾವಿಕಟ್ಟೆಯ ಹತ್ತಿರ ಅದನ್ನು ತರಕೂಡದು ಅಂತ ಕಟ್ಟಪ್ಪಣೆ ಮಾಡಿದರು. ಇದು ಬೆಳ್ಳಿ ಅಂದರೆ ಯಾರೂ ನಂಬುವ ಹಾಗಿರಲಿಲ್ಲ, ನಾನೂ ಸೇರಿದಂತೆ.

ಅದನ್ನು ನಂಬಿದವರು ಶೇಟ್ರು. ಅಕ್ಕಸಾಲಿ ಕೆಲಸದ ಶೇಟ್ರ ಅಂಗಡಿ ಮಾವನ ಸ್ಟುಡಿಯೋಗೆ ಮೂರನೆಯದು. ಅವರ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಕಲಸುಮೇಲೋಗರದ ವಿದ್ಯೆಯಲ್ಲಿ ನನಗೆ ಕಾಲೇಜು ಕಲಿಸಿದ್ದು ಅರ್ಧ, ಶೇಟ್ರು ಕಲಿಸಿದ್ದು ಉಳಿದ ಅರ್ಧ ಮತ್ತು ಮೊದಲರ್ಧದ ತಿದ್ದುಪಡಿ. ಅವರು ಕೆಲಸಕ್ಕೆ ಕೂತರೆ ತೊಡೆಯ ಮೇಲೊಂದು ತೊಗಲು ಹಾಸಿಕೊಳ್ಳುತ್ತಿದ್ದರು, ಅರ ಹಾಕಿದ ಪುಡಿ ಅದರ ಮೇಲೆ ಬೀಳಲಿ ಅಂತ. ಎದ್ದಾಗ ಅದನ್ನು ಪಕ್ಷಿಯ ಗರಿಯಿಂದ ಗುಡಿಸಿ ಡಬ್ಬಿಗೆ ತುಂಬುವುದು. ಕೈ ತೊಳೆಯುವುದಕ್ಕೆ ಬೇರೆಯೇ ಒಂದು ತೊಟ್ಟಿ, ಆ ನೀರು ಚೆಲ್ಲುವಂತಿಲ್ಲ. ಅಂಗಡಿ ಗುಡಿಸಿದ ಕಸ ಒಂದು ಗೋಣಿಗೆ. ವರ್ಷಕ್ಕೊಮ್ಮೆ ಜಲಗಾರರು ಬಂದು ಆ ಕಸವನ್ನು ಚೀಲದ ಲೆಕ್ಕದಲ್ಲಿ ಕೊಂಡು, ಹೊಳೆಯ ದಂಡೆಗೆ ಒಯ್ದು, ಮರಿಗೆಯಲ್ಲಿ ತೂರಾಡಿಸಿ ತೊಳೆದು ಚಿನ್ನದ ಕಣ ಆಯುತ್ತಿದ್ದರು. ಬೆಂಗಳೂರಿನ ನಗರ್ತಪೇಟೆಯ ಕಡೆ ಅಕ್ಕಸಾಲಿಗರ ಅಂಗಡಿಗಳ ಮುಂದಿನ ಬೀದಿಯ ಧೂಳನ್ನೇ ಗುಡಿಸಿ ಬದುಕುವವರಿದ್ದಾರೆ.

ಶೇಟ್ರು ನಮ್ಮ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಒಣಗಿಸಿದೀರಾ?" ಮಾವ ಹೌದೆಂದರು. "ಇಲ್ಲ. ಬಿಸಿಲಲ್ಲಿ ಒಣಗಿದ್ದು ಒಣಗಿದ್ದಲ್ಲ ರಾಯರೇ. ಹಸಿ ಇದ್ದದ್ದು ಮೂಸೆಗೆ ಹೋದ್ರೆ ಸಿಡಿದು ಮುಖಕ್ಕೆ ಬರ್ತದೆ." ಮೊದಲು ಬಾಣಲೆಯಲ್ಲಿ ಹುರಿಸಿದರು, ಹೊಗೆ ಮತ್ತು ಗಂಧಕದ ವಾಸನೆ ನಿಲ್ಲುವವರೆಗೆ. ಆಮೇಲೆ ಬಿಳಿಗಾರ, ಬಟ್ಟೆ ಒಗೆಯುವ ಸೋಡಾ ಬೆರೆಸಿ ಮೂಸೆಗೆ ತುಂಬಿದರು. ಕಡೆಯಲ್ಲಿ ಡಬ್ಬಿ ತಡಕಿ, ಲಾಳದ ಮೊಳೆ ನಾಲ್ಕನ್ನು ಒಳಗೆ ಹಾಕಿದರು. ನಾನು ತಡೆಯಲಾರದೆ, "ಬೆಳ್ಳಿಗೆ ಕಬ್ಬಿಣ ಯಾಕೆ ಶೇಟ್ರೇ?" ಅಂದೆ. "ಗಂಧಕಕ್ಕೆ ಬೆಳ್ಳಿ ಅಂದ್ರೆ ಆಸೆ ತಮ್ಮಾ. ಆದರೆ ಕಬ್ಬಿಣ ಅಂದ್ರೆ ಇನ್ನೂ ಆಸೆ." ನಾನು ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದೆ. ಸಿಲ್ವರ್ ಸಲ್ಫೈಡಿನಿಂದ ಗಂಧಕವನ್ನು ಕಬ್ಬಿಣ ಕಿತ್ತುಕೊಳ್ಳುತ್ತದೆ, ಬೆಳ್ಳಿ ಬಿಡುಗಡೆಯಾಗುತ್ತದೆ. ಪುಸ್ತಕ ಒಂದು ಪುಟದಲ್ಲಿ ಹೇಳಿದ್ದನ್ನು ಅವರು ಎರಡು ವಾಕ್ಯದಲ್ಲಿ ಮುಗಿಸಿದ್ದರು.

ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್ಸಿಗೆ. ಇದ್ದಲು, ತಿದಿ, ಮತ್ತು ತಿದಿ ಒತ್ತಲು ನನ್ನ ತೋಳು. ಬಿಳಿಗಾರ ಮೊದಲು ಉಬ್ಬಿತು, ಕುಸಿಯಿತು, ಗಾಜಿನಂತೆ ತೆಳುವಾಗಿ ಮೇಲೆ ನಿಂತಿತು. ಕಬ್ಬಿಣದ ಕಿಟ್ಟವನ್ನೆಲ್ಲ ಅದೇ ಹೀರಿಕೊಳ್ಳುವುದು. ಅಡಿಯಲ್ಲಿ ಏನೋ ಮಿರುಗಿತು. ಶೇಟ್ರು ಇಕ್ಕಳದಿಂದ ಉಳಿದ ಮೊಳೆಗಳನ್ನು ಹೊರಗೆಳೆದು, ಮೂಸೆ ಎತ್ತಿ ಎಣ್ಣೆ ಸವರಿದ ಅಚ್ಚಿಗೆ ಸುರಿದರು. "ಬಗ್ಗಬೇಡಿ," ಅಂದರು. ಗಟ್ಟಿಯಾಗುತ್ತಿದ್ದ ಬೆಳ್ಳಿಯ ಮೈ ಒಮ್ಮೆ ನಡುಗಿ, ಮೇಲ್ಮೈ ಒಡೆದು ಪುಟ್ಟ ಹನಿಗಳನ್ನು ಪಟ್ ಪಟ್ಟನೆ ಹೊರಗೆ ಉಗುಳಿತು. ಕರಗಿದ ಬೆಳ್ಳಿ ತನ್ನ ಗಾತ್ರದ ಇಪ್ಪತ್ತು ಪಟ್ಟು ಆಮ್ಲಜನಕವನ್ನು ಗಾಳಿಯಿಂದ ಒಳಗೆಳೆದುಕೊಳ್ಳುತ್ತದೆ, ಗಟ್ಟಿಯಾಗುವ ಕ್ಷಣದಲ್ಲಿ ಅಷ್ಟನ್ನೂ ಹೊರಗೆ ಹಾಕಬೇಕು. ಇನ್ನೊಮ್ಮೆ ಕರಗಿಸುವಾಗ ಮೇಲೆ ಇದ್ದಲ ಪುಡಿ ಮುಚ್ಚಿದರು, ಉಗುಳುವುದು ನಿಂತಿತು. ಮಾವ ಮಾತ್ರ ಆ ಉಗುಳಿದ್ದನ್ನೇ ಊರಿಡೀ ಹೇಳಿಕೊಂಡು ಬಂದರು. ಉಗುಳುವುದು ಶುದ್ಧ ಬೆಳ್ಳಿಯ ಲಕ್ಷಣ ಅಂತ ಶೇಟ್ರು ಹೇಳಿದ್ದೇ ಅದಕ್ಕೆ ಕಾರಣ. ಅದು ಬಹುಮಟ್ಟಿಗೆ ನಿಜ ಕೂಡ, ತಾಮ್ರ ಬೆರೆತ ಬೆಳ್ಳಿ ಹಾಗೆ ಉಗುಳುವುದಿಲ್ಲ.

ಅಷ್ಟರಲ್ಲಿ ಬೆಳ್ಳಿಯ ಕಥೆ ಮುಗಿದುಹೋಗಿತ್ತು. 1980ರ ಮಾರ್ಚ್ 27, ಗುರುವಾರ, ಹಂಟ್ ಸಹೋದರರು ಸಾಲದವರಿಗೆ ಕಟ್ಟಬೇಕಾದ್ದು ಕಟ್ಟಲಾಗದೆ ಬೆಲೆ ಒಂದೇ ದಿನ 11 ಡಾಲರಿನ ಕೆಳಗೆ ಬಿತ್ತು. ಕ್ಯಾನಿನ ಸೈಕಲ್ಲು ಆಮೇಲೆ ಕಾಣಲಿಲ್ಲ. ಇದ್ದಲಿನ ಖರ್ಚು ಹೋಗಿ ಮಾವನಿಗೆ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ. ಅವರು ನಿಲ್ಲಿಸಿಬಿಡುತ್ತಾರೆ ಅಂತ ಅತ್ತೆ ಹರಕೆ ಹೊತ್ತಿದ್ದರೇನೋ. ನಿಲ್ಲಿಸಲಿಲ್ಲ. ಲಾಭ ಹೋದ ಮೇಲೆ ಅವರಿಗೆ ಹುಚ್ಚು ಹೆಚ್ಚಾಯಿತು ಅಂತಲೇ ನನಗೆ ತೋರಿದ್ದು. ಇಸ್ಪೀಟಿಗೆ ಹೋಗುತ್ತಿದ್ದ ಭಾನುವಾರದ ಮಧ್ಯಾಹ್ನಗಳು ಬಕೀಟಿಗೆ ಹೋದವು.

ಊರಿನಲ್ಲಿ ಸುದ್ದಿ ಹಬ್ಬಿದ್ದು ಬೇರೆ ರೀತಿ. ಫೋಟೋ ರಾಯರು ಬಂಗಾರ ಮಾಡ್ತಾರಂತೆ! ಜನ ಏನೇನೋ ಹೊತ್ತು ತಂದರು. ಬ್ಯಾಂಡ್ ಸೆಟ್ಟಿನವರ ಕೋಟಿನ ಗುಂಡಿ, ಮುರಿದ ಗಡಿಯಾರದ ಚೈನು, ಒಂದು ಡಜನ್ ಜರ್ಮನ್ ಸಿಲ್ವರ್ ಚಮಚ. ಜರ್ಮನ್ ಸಿಲ್ವರಿನಲ್ಲಿ ಇರುವುದು ತಾಮ್ರ, ನಿಕ್ಕಲ್ಲು, ಸತುವು ಅಷ್ಟೇ, ಬೆಳ್ಳಿ ಹೆಸರಿಗೂ ಇಲ್ಲ ಅಂತ ಹೇಳಿದರೆ ತಂದವರಿಗೆ ನಮ್ಮ ಮೇಲೇ ಅನುಮಾನ. ಶೇಟ್ರು ಒರೆಗಲ್ಲು ತಂದು ಗೆರೆ ಎಳೆದು, ಒಂದು ಹನಿ ಆಸಿಡ್ ಇಟ್ಟು, ಗೆರೆ ಮಾಯವಾದದ್ದನ್ನು ತೋರಿಸಿ ಕಳಿಸುತ್ತಿದ್ದರು.

ಹಾಗೆ ಬಂದವರಲ್ಲಿ ಹಿಂದಿನ ಕೇರಿಯ ಅಜ್ಜಿಯೂ ಒಬ್ಬರು. ನಿಮಗೆ ಹೇಳಬೇಕು ಅಂದುಕೊಂಡದ್ದು ನಿಜವಾಗಿ ಈ ಅಜ್ಜಿಯದೇ ಕಥೆ. ಬಗಲಲ್ಲಿ ಬಟ್ಟೆ ಗಂಟು. ಬಿಚ್ಚಿದರೆ ಬನಾರಸ್ ಪೀತಾಂಬರ, ಅವರ ಧಾರೆ ಸೀರೆ. ಮಡಿಕೆ ಮಡಿಕೆಗೂ ಹರಿದು, ಮುಟ್ಟಿದರೆ ರೇಷ್ಮೆ ಪುಡಿಯಾಗುತ್ತಿತ್ತು. ಅಂಚು ಸೆರಗಿನ ಜರಿ ಮಾತ್ರ ಕಪ್ಪು ಹಿಡಿದು ಗಟ್ಟಿಯಾಗಿತ್ತು. ಯಜಮಾನರು ಹೋದ ಮೇಲೆ ಉಡದೆ ಪೆಟ್ಟಿಗೆಯಲ್ಲಿಟ್ಟದ್ದು. ಮಗಳ ಮೊಮ್ಮಗಳಿಗೆ ವರ್ಷ ತುಂಬುತ್ತಿದೆ, ಕಾಲ್ಗೆಜ್ಜೆ ಮಾಡಿಸಬೇಕು. "ಪಾತ್ರೆ ಮಾರೋನು ಇದಕ್ಕೆ ಒಂದು ಸ್ಟೀಲ್ ಡಬ್ಬಿ ಕೊಡ್ತೇನೆ ಅಂದ. ಡಬ್ಬಿ ಕಾಲಿಗೆ ಕಟ್ಟೋಕಾಗ್ತದಾ?"

ಮಾವ ಹಿಂಜರಿದರು. ಸುಡಬೇಕಲ್ಲ, ಧಾರೆ ಸೀರೆ. ಅಜ್ಜಿಯೇ, "ನನ್ನನ್ನೂ ಒಂದು ದಿನ ಸುಡೋದೇ ತಾನೇ, ಹಚ್ಚು ಬೆಂಕಿ," ಅಂದುಬಿಟ್ಟರು.

ಜರಿ ಅಂದರೆ ರೇಷ್ಮೆ ಎಳೆಗೆ ಸುತ್ತಿದ ಚಪ್ಪಟೆ ಬೆಳ್ಳಿ ತಂತಿ, ಅದರ ಮೇಲೆ ಚಿನ್ನದ ತೆಳು ಲೇಪ. ನಮ್ಮ ಮೈಸೂರು ಸಿಲ್ಕ್ ಕಾರ್ಖಾನೆಯ ಸೀರೆಯ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ ಇರುತ್ತದೆ. ಇವತ್ತಿನ ಅಗ್ಗದ ಜರಿಯಲ್ಲಿ ಪ್ಲಾಸ್ಟಿಕ್ಕೇ ಹೆಚ್ಚು, ಸುಟ್ಟರೆ ಹೊಗೆ ಬಿಟ್ಟು ಇನ್ನೇನೂ ಸಿಗದು. ಅಜ್ಜಿಯ ಸೀರೆಯ ಜರಿಯನ್ನು ಕತ್ತರಿಸಿ ಕಬ್ಬಿಣದ ಬಾಣಲೆಯಲ್ಲಿ ಸುಟ್ಟೆವು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಎರಡೂ ಪ್ರೋಟೀನೇ ಆದ್ದರಿಂದ. ಬೂದಿ ತೊಳೆದಾಗ ಉಳಿದದ್ದು ಸಿಕ್ಕುಸಿಕ್ಕಾದ ಬೆಳ್ಳಿ ತಂತಿಯ ಮುದ್ದೆ.

ಆಮೇಲಿನದು ನನ್ನ ಪಾಲಿನ ಕೆಲಸ, ನೈಟ್ರಿಕ್ ಆಸಿಡ್. ಮುದ್ದೆಯನ್ನು ಗಾಜಿನ ಬೀಕರಿಗೆ ಹಾಕಿ, ನೀರು ಬೆರೆಸಿದ ಆಸಿಡ್ಡನ್ನು ಸ್ವಲ್ಪ ಸ್ವಲ್ಪವೇ ಹೊಯ್ಯಬೇಕು. ಹೊಯ್ದ ಕೂಡಲೇ ಕೆಂಗಂದು ಹೊಗೆ ಏಳುತ್ತದೆ. ಹಿತ್ತಿಲ ಬಯಲಿನಲ್ಲಿ, ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ನಿಂತೇ ಮಾಡಿದ್ದು. ಆ ಹೊಗೆ ಮಹಾ ಕಪಟಿ. ಕುಡಿದಾಗ ಸ್ವಲ್ಪ ಕೆಮ್ಮು ಬಂದು ನಿಲ್ಲುತ್ತದೆ, ಏನೂ ಆಗಲಿಲ್ಲ ಅಂತ ಮಲಗಿದವನಿಗೆ ಎಷ್ಟೋ ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಏನೋ ಹುಡುಗಾ, ಹಳೆ ಮೊಬೈಲ್ ಬೋರ್ಡಿನ ಚಿನ್ನ ತೆಗೆಯುವ ವಿಡಿಯೋ ನೋಡಿ ಅಡಿಗೆಮನೆಯಲ್ಲೇ ಮಾಡೋಣ ಅಂತ ಕೇಳಿದೆಯಲ್ಲ, ನಿನಗೇ ಹೇಳುತ್ತಿರುವುದು. ಬೋರ್ಡಿನಲ್ಲಿ ಸೀಸವೂ ಇರುತ್ತದೆ, ಸುಟ್ಟರೆ ಇನ್ನೂ ಕೆಟ್ಟ ವಿಷಗಳು ಏಳುತ್ತವೆ. ದಾಬಸ್‌ಪೇಟೆಯಲ್ಲಿ ಅದಕ್ಕೆಂದೇ ಪರವಾನಗಿ ಪಡೆದ ಕಾರ್ಖಾನೆ ಇದೆ, ಅಂಥವರಿಗೆ ಕೊಡು.

ಬೆಳ್ಳಿ ಪೂರ್ತಿ ಕರಗಿತು. ದ್ರಾವಣದ ತಳದಲ್ಲಿ ಕಂದು ಬಣ್ಣದ ಒಂದಿಷ್ಟು ಹುಡಿ ಉಳಿಯಿತು, ಲೋಟದಡಿಯ ಕಾಫಿ ಗಸಿಯಂತೆ. ಅಜ್ಜಿ ಬಗ್ಗಿ ನೋಡಿ, "ಕೊಳೆ ಉಳೀತಲ್ಲ," ಅಂದರು.

"ಅದೇ ಅಜ್ಜಿ ಚಿನ್ನ," ಅಂದೆ.

"ಹುಚ್ಚು ಮಾಣಿ."

ನೈಟ್ರಿಕ್ ಆಸಿಡ್ ಬೆಳ್ಳಿಯನ್ನು ಕರಗಿಸುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಚಿನ್ನ ಅಷ್ಟು ಸಣ್ಣ ಹುಡಿಯಾದಾಗ ಹಳದಿ ಕಾಣುವುದೇ ಇಲ್ಲ. ಎಷ್ಟು ಹೇಳಿದರೂ ಅಜ್ಜಿ ಒಪ್ಪಲಿಲ್ಲ, ಕಲ್ಲಿನ ಮೇಲೆ ಕೂತು ಕಾವಲು ಮಾತ್ರ ಕಾಯತೊಡಗಿದರು. ತಿಳಿ ಬಸಿದು, ಗ್ಯಾರೇಜಿನಿಂದ ತಂದ, ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿನಲ್ಲಿ ಹುಡಿಯನ್ನು ಮತ್ತೆ ಮತ್ತೆ ತೊಳೆದೆ. ಬಾವಿನೀರು ಆಗುವುದಿಲ್ಲ, ಅದರ ಉಪ್ಪಿಗೆ ಬೆಳ್ಳಿ ಬೆಳ್ಳಗೆ ಒಡೆದುಕೊಳ್ಳುತ್ತದೆ. ತೊಳೆದ ನೀರಿನಲ್ಲಿ ಇನ್ನೂ ಬೆಳ್ಳಿ ಇದೆಯೇ ಅಂತ ನೋಡುವುದೂ ಹಾಗೆಯೇ, ಒಂದು ಹನಿ ಉಪ್ಪುನೀರು ಬಿಟ್ಟು. ಮಾವ ಆ ಪರೀಕ್ಷೆಯನ್ನು ಯಾರಿಗೂ ಬಿಟ್ಟುಕೊಡದೆ ತಾವೇ ಮಾಡಿದರು. ಒಂದೆರಡು ಹನಿ ಕೈಗೆ ಸಿಡಿದು, ಮರುದಿನದಿಂದ ಅವರ ಬೆರಳೆಲ್ಲ ಕಪ್ಪು ಚುಕ್ಕೆ. ಸಿಲ್ವರ್ ನೈಟ್ರೇಟಿನ ಕಲೆ ಸೋಪಿಗೆ ಹೋಗುವಂಥದಲ್ಲ, ಚರ್ಮವೇ ಸವೆದು ಹೋಗಬೇಕು.

ಬೆಳ್ಳಿಯ ದ್ರಾವಣಕ್ಕೆ ತಾಮ್ರದ ದಪ್ಪ ತಂತಿ ಇಳಿಬಿಟ್ಟೆವು. ನನಗೆ ಈ ವಿದ್ಯೆಯಲ್ಲಿ ಇಂದಿಗೂ ಎಲ್ಲಕ್ಕಿಂತ ಇಷ್ಟವಾದ ಹೊತ್ತು ಅದು. ತಂತಿಯ ಮೈಮೇಲೆ ಬೂದು ಎಳೆಗಳು ಹುಟ್ಟುತ್ತವೆ, ಕವಲೊಡೆಯುತ್ತವೆ, ಸೂಜಿಯಂತೆ ಹೊಳೆದು ಭಾರಕ್ಕೆ ಕಳಚಿ ತಳಕ್ಕೆ ಇಳಿಯುತ್ತವೆ. ಬಣ್ಣವಿಲ್ಲದ ನೀರು ನಿಧಾನಕ್ಕೆ ನೀಲಿಗೆ ತಿರುಗುತ್ತದೆ. ಮಲೆನಾಡಿನವರಿಗೆ ಆ ನೀಲಿಯನ್ನು ಪರಿಚಯಿಸಬೇಕಾಗಿಲ್ಲ, ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಮೈಲುತುತ್ತದ ನೀಲಿಯೂ ಅದೇ ತಾಮ್ರದ್ದು. ಒಂದು ಪಾಲು ತಾಮ್ರ ಕರಗಿದರೆ ಮೂರು ಪಾಲಿಗಿಂತ ಸ್ವಲ್ಪ ಹೆಚ್ಚು ಬೆಳ್ಳಿ ಬೀಳುತ್ತದೆ. ಬೆಂಕಿಯಿಲ್ಲ, ಸದ್ದಿಲ್ಲ, ಆತುರ ಮಾಡಿದರೆ ಫಲವೂ ಇಲ್ಲ. ಜನ ಈ ಕೆಲಸ ಅಂದರೆ ಕುಲುಮೆ, ಮೂಸೆ ಅಂದುಕೊಳ್ಳುತ್ತಾರೆ. ಬೆಂಕಿಯ ಕೆಲಸ ಗಳಿಗೆಯದು. ಉಳಿದದ್ದೆಲ್ಲ ಬಸಿಯುವುದು, ತೊಳೆಯುವುದು, ಕಾಯುವುದು.

ಮಾರನೆಯ ದಿನ ಬೆಳ್ಳಿ ಕರಗಿಸಿ ತೂಗಿದಾಗ ಆರು ತೊಲಕ್ಕೆ ಸ್ವಲ್ಪ ಕಡಿಮೆ ಬಂತು. ಮಗುವಿನ ಗೆಜ್ಜೆಗೆ ಧಾರಾಳವಾಯಿತು. ಅಜ್ಜಿ ಈಗ ಕಂದು ಹುಡಿಯ ಕಡೆ ತಿರುಗಿದರು. ಶೇಟ್ರು ಅದನ್ನು ಪುಟ್ಟ ಮೂಸೆಯಲ್ಲಿ ಚಿಟಿಕೆ ಬಿಳಿಗಾರದ ಜೊತೆ ಇಟ್ಟು ಊದುಕೊಳವೆ ಬಾಯಿಗೆ ಹಿಡಿದರು. ಜ್ವಾಲೆಯ ತುದಿ ತಾಕಿದ್ದೇ ಹುಡಿ ಒಂದುಗೂಡಿ ದುಂಡಗಾಗಿ ತಿರುಗಿತು, ಆರಿದಾಗ ಹಳದಿ. ನಾಲ್ಕು ಗುಲಗಂಜಿ ತೂಕ, ಅಂದರೆ ಅರ್ಧ ಗ್ರಾಮಿನ ಆಸುಪಾಸು. ಅಜ್ಜಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

ಗಾಬರಿಯಾದದ್ದು ಶೇಟ್ರು. "ಇದನ್ನು ಹೀಗೇ ಕೊಡೋಕಾಗಲ್ಲ ರಾಯರೇ. ಗಟ್ಟಿ ಚಿನ್ನ ಇದು."

ನಿಮಗೆ ಇದು ವಿಚಿತ್ರ ಅನ್ನಿಸಬಹುದು. ಆಗ 1968ರ ಚಿನ್ನ ನಿಯಂತ್ರಣ ಕಾಯ್ದೆ ಜಾರಿಯಲ್ಲಿತ್ತು. ಒಡವೆ ಎಷ್ಟಾದರೂ ಇರಲಿ, ಜನಸಾಮಾನ್ಯರು ಗಟ್ಟಿ ಚಿನ್ನ ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಅಕ್ಕಸಾಲಿಗರು ಸರ್ಟಿಫಿಕೇಟು ಪಡೆದು, ಕಾನೂನು ಹೇಳಿದ ಮಿತಿಯಲ್ಲೇ ಚಿನ್ನ ಇಟ್ಟುಕೊಂಡು ಕೆಲಸ ಮಾಡಬೇಕಿತ್ತು. ಕಾಯ್ದೆ ರದ್ದಾದದ್ದು 1990ರಲ್ಲಿ. ಶೇಟ್ರ ಭಯಕ್ಕೆ ಅದಕ್ಕೂ ಹಿಂದಿನ ಬೇರಿತ್ತು. 1963ರಲ್ಲಿ ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ, 14 ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆ ಮಾಡಕೂಡದು ಅಂತ ಅಪ್ಪಣೆಯಾಯಿತು. ದೇಶದ ತುಂಬ ಅಕ್ಕಸಾಲಿಗರ ಒಲೆ ಆರಿದವು. ಶೇಟ್ರು ಆಗ ಹರೆಯದವರು, ತಂದೆಯ ಜೊತೆ ಅಡಿಕೆ ಸುಲಿಯುವ ಕೂಲಿಗೆ ಹೋಗಿದ್ದರಂತೆ. ಅಂಥ ಕಾಲ ಕಂಡವರಿಗೆ ನಾಲ್ಕು ಗುಲಗಂಜಿಯೂ ನಾಲ್ಕು ಸೇರೇ.

"ಹಾಗಾದ್ರೆ ಒಡವೆ ಮಾಡ್ಬಿಡು," ಅಂದರು ಅಜ್ಜಿ, ಇಷ್ಟು ಸಣ್ಣ ವಿಷಯಕ್ಕೆ ಸರಕಾರ ಯಾಕೆ ಅನ್ನುವ ಹಾಗೆ. ಅಂಗಡಿ ಮುಚ್ಚುವುದರೊಳಗೆ ಆ ಗುಂಡಿಗೆ ಕಣದಷ್ಟು ತಾಮ್ರ ಬೆರೆಸಿ, ಬಡಿದು, ತಂತಿ ಎಳೆದು, ಶೇಟ್ರು ಒಂದು ಮೂಗುಬೊಟ್ಟು ಮಾಡಿದರು. ಕಲ್ಲಿಲ್ಲ, ಬರೀ ಚಿನ್ನದ ಬೊಟ್ಟು. ಅಜ್ಜಿ ಅದನ್ನು ಅಂಗೈಯಲ್ಲಿಟ್ಟು ಎಷ್ಟೋ ಹೊತ್ತು ನೋಡಿದರು, ಆಮೇಲೆ ಸೊಂಟದ ಚೀಲಕ್ಕೆ ಸೇರಿಸಿ ವ್ಯವಹಾರಕ್ಕೆ ಇಳಿದರು.

"ಕೂಲಿ ಎಷ್ಟು ಹೇಳು."

"ಕೂಲಿ ಬೇಡ ಅಜ್ಜಿ," ಅಂದರು ಶೇಟ್ರು, ಬಹಳ ವಿನಯದಿಂದ. "ಬೀಕರು ತೊಳೆದ ನೀರು, ಬೆಳ್ಳಿ ಸೋಸಿದ ಬಟ್ಟೆ, ಆ ಒಡೆದ ಮೂಸೆ, ಇಷ್ಟು ನನಗಿರಲಿ. ಕಸ ತಾನೇ."

ಮಾವ ನಗಲಾರಂಭಿಸಿದರು. ಹೈಪೋ ಕ್ಯಾನಿನವನ ಹತ್ತಿರ ಪಾಠ ಕಲಿತವರು ಅವರು. "ಶೇಟ್ರೇ, ಕಸ ಆದ್ರೆ ನಿಮಗ್ಯಾಕೆ ಕಷ್ಟ, ಬಕೀಟಿಗೆ ನಾನೇ ಹಾಕ್ಕೊಳ್ತೇನೆ. ಆಸಿಡ್ಡು ನಂದು."

"ಇದ್ದಲು ನಂದು."

"ತಿದಿ ಒತ್ತಿದ್ದು ನನ್ನ ಅಳಿಯ."

ಅಜ್ಜಿ ಸೆರಗಿನ ಗಂಟಿನಿಂದ ಎರಡು ನೋಟು ತೆಗೆದು, ಇಬ್ಬರ ಮುಂದೂ ಒಂದೊಂದು ಇಟ್ಟು, ಗೆಜ್ಜೆಗೆ ಶುಕ್ರವಾರ ಬರುತ್ತೇನೆಂದು ಎದ್ದರು. ನೋಟು ಯಾರೂ ಮುಟ್ಟಲಿಲ್ಲ. ತೊಳೆದ ನೀರನ್ನು ಲೋಟದಲ್ಲಿ ಅಳೆದು ಪಾಲು ಮಾಡಿದ್ದಾಯಿತು. ಮೂಸೆ ಶೇಟ್ರಿಗೆ. ಸೋಸಿದ ಬಟ್ಟೆಯನ್ನು ಮಾವ ಕತ್ತರಿಯಿಂದ ನಡುವೆ ಎರಡು ತುಂಡು ಮಾಡಿದರು, ಯಾವ ತುಂಡಿನಲ್ಲಿ ಬೂದು ಹೆಚ್ಚು ಹತ್ತಿದೆ ಅಂತ ಮತ್ತೆ ಶುರುವಾಯಿತು.